ಮಳೆಯ ಲೆಕ್ಕಕ್ಕೆ ಮಾತ್ರ

ದೆಹಲಿಯ ಲೋಧಿ ರಸ್ತೆಯಲ್ಲಿರುವ ಮೌಸಮ್ ಭವನದ ಆವರಣಕ್ಕೆ 1980ರ ದಶಕದ ಕೊನೆಯಲ್ಲಿ ಅಮೆರಿಕದಿಂದ ಒಂದು ಕಂಪ್ಯೂಟರ್ ಬಂತು. ಹೆಸರು ಕ್ರೇ ಎಕ್ಸ್‌ಎಂಪಿ-14. ಭಾರತ ಕೇಳಿದ್ದು ಎಕ್ಸ್‌ಎಂಪಿ-24. ಈ ಹೆಸರಿನ ಮೊದಲ ಅಂಕಿ ಯಂತ್ರದಲ್ಲಿ ಎಷ್ಟು ಪ್ರೊಸೆಸರ್ ಇವೆ ಎಂದು ಹೇಳುತ್ತದೆ, ಎರಡನೆಯದು ಮೆಮೊರಿಯ ಅಳತೆ. ಎರಡು ಪ್ರೊಸೆಸರ್ ಕೇಳಿದವರಿಗೆ ಒಂದು ಸಿಕ್ಕಿತು. ಅಷ್ಟು ಸಿಗುವುದಕ್ಕೂ ದೆಹಲಿ ಮತ್ತು ವಾಷಿಂಗ್ಟನ್ ನಡುವೆ ವರ್ಷಗಟ್ಟಲೆ ಚೌಕಾಸಿ ನಡೆದಿತ್ತು.

ಭಾರತ ಹೇಳಿದ ಕಾರಣ ಮಳೆ. ಮೂರರಿಂದ ಹತ್ತು ದಿನ ಮುಂಚಿತವಾಗಿ ಹವಾಮಾನ ತಿಳಿದರೆ ಬಿತ್ತನೆ, ಗೊಬ್ಬರ, ಕೊಯ್ಲಿನ ತೀರ್ಮಾನಕ್ಕೆ ರೈತನಿಗೆ ಅನುಕೂಲ. ಅಂಥ ಲೆಕ್ಕ ಸಾಮಾನ್ಯ ಕಂಪ್ಯೂಟರಿನಲ್ಲಿ ಮುಗಿಯುವಷ್ಟರಲ್ಲಿ ಮಳೆಯೇ ಬಂದು ಹೋಗಿರುತ್ತಿತ್ತು. 1987ರಲ್ಲಿ ಮುಂಗಾರು ವಾಡಿಕೆಗಿಂತ ಸುಮಾರು ಶೇ 19ರಷ್ಟು ಕಡಿಮೆ ಸುರಿದು ದೇಶ ಬರಗಾಲ ಕಂಡಿತು. ಕೋರಿಕೆಯಲ್ಲಿ ನಾಟಕವೇನೂ ಇರಲಿಲ್ಲ.

ಅಡ್ಡ ಬಂದದ್ದು ಭಾರತಕ್ಕೆಂದು ಬರೆದ ಕಾನೂನಲ್ಲ. ಅಮೆರಿಕದ ಎದುರಾಳಿ ಸೋವಿಯತ್ ಒಕ್ಕೂಟ. ಅಲ್ಲಿಗೆ ಆಯುಧವಾಗಲಿ, ಆಯುಧಕ್ಕೆ ನೆರವಾಗುವ ತಂತ್ರಜ್ಞಾನವಾಗಲಿ ತಲುಪಬಾರದೆಂದು 1949ರಿಂದಲೇ ಪಾಶ್ಚಾತ್ಯ ದೇಶಗಳು ಕೋಕಾಮ್ ಎಂಬ ಸಮಿತಿ ಮಾಡಿಕೊಂಡಿದ್ದವು. ಪ್ಯಾರಿಸ್ಸಿನಲ್ಲಿ ಸೇರಿ ನಿಷೇಧದ ಪಟ್ಟಿ ತಯಾರಿಸುತ್ತಿದ್ದವು. ಅಮೆರಿಕದೊಳಗೆ 1979ರ ರಫ್ತು ಆಡಳಿತ ಕಾಯ್ದೆ ಇತ್ತು. ಭಾರತ ಯಾವ ಬಣಕ್ಕೂ ಸೇರಿರಲಿಲ್ಲ. ಆದರೆ 1971ರಲ್ಲಿ ಮಾಸ್ಕೋ ಜೊತೆ ಒಪ್ಪಂದಕ್ಕೆ ಸಹಿ ಹಾಕಿತ್ತು, ಮಿಗ್ ವಿಮಾನ ಹಾರಿಸುತ್ತಿತ್ತು, 1974ರಲ್ಲಿ ಪೋಖ್ರಾನಿನಲ್ಲಿ ಅಣುಸ್ಫೋಟ ಮಾಡಿತ್ತು. ಜಗಳ ಇರುವುದು ಒಬ್ಬನ ಜೊತೆಗಾದರೂ ಅವನ ಮನೆಗೆ ಹೋಗಿಬರುವವನಿಗೂ ಅಂಗಡಿಯಲ್ಲಿ ಸಾಮಾನು ಕೊಡಲು ಹಿಂದೆಮುಂದೆ ನೋಡಿದ ಹಾಗೆ.

ಅಮೆರಿಕದ ರಕ್ಷಣಾ ಇಲಾಖೆಯ ಅನುಮಾನಕ್ಕೆ ಆಧಾರವೇ ಇರಲಿಲ್ಲ ಎನ್ನಲಾಗದು. ಗಾಳಿ ಹೇಗೆ ಹರಿಯುತ್ತದೆ, ಒತ್ತಡ ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕುವ ಗಣಿತದ ಹತ್ತಿರದ ಬಂಧುವೇ ಬಾಂಬಿನೊಳಗಿನ ಆಘಾತದ ಅಲೆಯನ್ನೂ ಲೆಕ್ಕ ಹಾಕುತ್ತದೆ. ಗುಪ್ತಲಿಪಿ ಒಡೆಯಲೂ ಇಂಥದೇ ಯಂತ್ರ ಬೇಕು. ಬಂದೂಕನ್ನು ನೋಡಿದರೆ ಬಂದೂಕೆಂದು ಗೊತ್ತಾಗುತ್ತದೆ. ಕಂಪ್ಯೂಟರಿನ ಮುಖ ನೋಡಿ ಅದು ಮಳೆಯದೋ ಬಾಂಬಿನದೋ ಹೇಳುವಂತಿಲ್ಲ.

ಅದೇ 1987ರಲ್ಲಿ ವಾಷಿಂಗ್ಟನ್ನಿನ ಗಾಳಿಯೂ ಕೆಟ್ಟಿತ್ತು. ಜಪಾನಿನ ತೋಷಿಬಾ ಸಮೂಹದ ಒಂದು ಕಂಪನಿ ಮತ್ತು ನಾರ್ವೆಯ ಕಾಂಗ್ಸ್‌ಬರ್ಗ್ ಸೇರಿ, ಜಲಾಂತರ್ಗಾಮಿಯ ಪ್ರೊಪೆಲರನ್ನು ನಯವಾಗಿ ಕಡೆಯುವ ಯಂತ್ರಗಳನ್ನು ಸೋವಿಯತ್ತಿಗೆ ಮಾರಿದ್ದು ಬಯಲಾಯಿತು. ಪ್ರೊಪೆಲರ್ ನಯವಾದಷ್ಟೂ ಸದ್ದು ಕಡಿಮೆ, ಪತ್ತೆ ಕಷ್ಟ. ಅಮೆರಿಕದ ಕೆಲವು ಸಂಸದರು ಸಂಸತ್ ಭವನದ ಹುಲ್ಲುಹಾಸಿನ ಮೇಲೆ ನಿಂತು ತೋಷಿಬಾ ರೇಡಿಯೊವನ್ನು ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿದರು. ರೇಡಿಯೊ ಮಾಡಿದ ತಪ್ಪೇನೋ! ಇಂಥ ಹೊತ್ತಿನಲ್ಲಿ ಭಾರತದ ಅರ್ಜಿ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು.

ರಾಜೀವ್ ಗಾಂಧಿ ಮತ್ತು ರೇಗನ್ ಇಬ್ಬರಿಗೂ ಸಂಬಂಧ ಸುಧಾರಿಸುವ ಆಸೆಯಿತ್ತು. ಸೂಕ್ಷ್ಮ ತಂತ್ರಜ್ಞಾನ ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳುವ ಬಗ್ಗೆ ಎರಡೂ ದೇಶಗಳು ಆಗಲೇ ಒಂದು ತಿಳಿವಳಿಕೆ ಪತ್ರ ಮಾಡಿಕೊಂಡಿದ್ದವು. ಹಾಗಾಗಿ ಯಂತ್ರ ಬಂತು. ಹವಾಮಾನಕ್ಕೆ ಮಾತ್ರ ಬಳಸಬೇಕು, ಬಳಕೆಯ ಮೇಲೆ ನಿಗಾ ಇರಬೇಕು ಎಂಬ ಷರತ್ತುಗಳೂ ಬಂದವು. 1988ರಲ್ಲಿ ಆರಂಭವಾದ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ ಈ ಕ್ರೇಯಲ್ಲಿ ಕೆಲಸ ಶುರುಮಾಡಿತು.

ಇಲ್ಲೊಂದು ಮಾತು ಹೇಳಲೇಬೇಕು. ‘ಅಮೆರಿಕ ಸೂಪರ್‌ಕಂಪ್ಯೂಟರ್ ಕೊಡಲಿಲ್ಲ, ನಾವೇ ಕಟ್ಟಿದೆವು’ ಎಂಬ ಕತೆ ವಾಟ್ಸ್ಯಾಪಿನಲ್ಲಿ ಆಗಾಗ ಸುತ್ತುತ್ತದೆ. ಅದು ಅರ್ಧ ಸತ್ಯ. ದೆಹಲಿಗೆ ಕೊಟ್ಟರು. ಕಾದು ಕೂತದ್ದು ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಸೂಪರ್‌ಕಂಪ್ಯೂಟರ್ ಕೇಳಿತ್ತು. ಹವಾಮಾನ ಕೇಂದ್ರದಲ್ಲಿ ನಡೆಯುವುದು ಒಂದೇ ಬಗೆಯ ಕೆಲಸ, ಕಾಯುವುದು ಸುಲಭ. ಹತ್ತಾರು ವಿಭಾಗಗಳ ಸಂಶೋಧಕರು ತಮತಮಗೆ ಬೇಕಾದ ಲೆಕ್ಕ ಹಾಕುವ ಕ್ಯಾಂಪಸ್ಸಿನಲ್ಲಿ ‘ಇದಕ್ಕೆ ಮಾತ್ರ’ ಎಂಬ ಷರತ್ತು ನಿಲ್ಲುವುದು ಹೇಗೆ? ಆ ಕ್ರೇ ಬರಲೇ ಇಲ್ಲ.

ಸ್ವಂತವಾಗಿ ಕಟ್ಟುವ ಕೆಲಸವೂ ನಿರಾಕರಣೆಗಾಗಿ ಕಾದಿರಲಿಲ್ಲ. ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, 1986ರಲ್ಲೇ ‘ಫ್ಲೊಸಾಲ್ವರ್’ ಸಿದ್ಧವಾಗಿತ್ತು. ಸಣ್ಣ ಸಣ್ಣ ಪ್ರೊಸೆಸರ್‌ಗಳಿಗೆ ಲೆಕ್ಕವನ್ನು ಹಂಚಿಕೊಟ್ಟು ಏಕಕಾಲಕ್ಕೆ ಮಾಡಿಸುವ ಯಂತ್ರ ಅದು. ಪುಣೆಯಲ್ಲಿ 1988ರಲ್ಲಿ ಸಿ-ಡ್ಯಾಕ್ ಆರಂಭವಾಗಿ, ವಿಜಯ್ ಭಟ್ಕರ್ ನೇತೃತ್ವದಲ್ಲಿ 1991ರ ಹೊತ್ತಿಗೆ ಪರಮ್ 8000 ತಯಾರಾಯಿತು. ಅದರೊಳಗಿದ್ದದ್ದು ಬ್ರಿಟನ್ನಿನ ಟ್ರಾನ್ಸ್‌ಪ್ಯೂಟರ್ ಚಿಪ್‌ಗಳು. ಇದನ್ನು ಹೇಳಿದರೆ ಸಾಧನೆ ಕುಗ್ಗುವುದಿಲ್ಲ. ಕಾನೂನು ದೊಡ್ಡ ಯಂತ್ರದ ಬಾಗಿಲು ಕಾಯುತ್ತಿದ್ದಾಗ ಸಣ್ಣ ಚಿಪ್‌ಗಳು ಕಿಟಕಿಯಿಂದ ಬಂದವು ಎಂಬುದು ತಿಳಿಯುತ್ತದೆ, ಅಷ್ಟೆ. ದೆಹಲಿಯ ಕ್ರೇಯಲ್ಲಿ ಓಡುತ್ತಿದ್ದಂಥ ಹವಾಮಾನದ ಪ್ರೋಗ್ರಾಮನ್ನು 1990ರ ದಶಕದಲ್ಲಿ ಫ್ಲೊಸಾಲ್ವರಿನಲ್ಲೂ ಓಡಿಸಿ ತೋರಿಸಲಾಯಿತು.

ಕಾಯ್ದೆ ಬರೆಯುವವರಿಗೆ ಮಾತ್ರ ಒಂದು ಫಜೀತಿ ಉಳಿಯಿತು: ಯಾವುದನ್ನು ‘ಸೂಪರ್‌ಕಂಪ್ಯೂಟರ್’ ಎನ್ನಬೇಕು? ಪದಕ್ಕೆ ಅರ್ಥ ಕೊಡಲಾಗದೆ ಅಂಕಿ ಕೊಟ್ಟರು. 1991ರಲ್ಲಿ ಅಮೆರಿಕ ಮತ್ತು ಜಪಾನ್ 195 ಎಂಟಾಪ್ಸ್ ಎಂಬ ಮಿತಿ ಇಟ್ಟವು. ಎಂಟಾಪ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಲೆಕ್ಕ. ಕೆಲವೇ ವರ್ಷಗಳಲ್ಲಿ ಅದನ್ನು 1500ಕ್ಕೆ ಏರಿಸಬೇಕಾಯಿತು, 1995ರಲ್ಲಿ ಮತ್ತೆ ಏರಿಸಿ ದೇಶಗಳನ್ನೇ ದರ್ಜೆಗಳಾಗಿ ವಿಂಗಡಿಸಿದರು. ಭಾರತ, ಪಾಕಿಸ್ತಾನ, ಚೀನಾ, ರಷ್ಯಾ ಒಂದೇ ದರ್ಜೆಯಲ್ಲಿ ಕೂತವು. 2000ದಲ್ಲಿ ಜಪಾನ್ ಮಕ್ಕಳ ಆಟದ ಪ್ಲೇಸ್ಟೇಷನ್ 2 ಯಂತ್ರವನ್ನೂ ರಫ್ತು ನಿಯಂತ್ರಣಕ್ಕೆ ಒಳಪಡಿಸಿತ್ತು.

ಹವಾಮಾನ ಕೇಂದ್ರ ಆಮೇಲೆ ಲೋಧಿ ರಸ್ತೆಯಿಂದ ನೋಯ್ಡಾಕ್ಕೆ ಹೋಯಿತು. 2018ರ ಜನವರಿಯಲ್ಲಿ ಅಲ್ಲಿ ‘ಮಿಹಿರ್’ ಎಂಬ ಸೂಪರ್‌ಕಂಪ್ಯೂಟರ್ ಉದ್ಘಾಟನೆಯಾಯಿತು. ಹೆಸರು ಸಂಸ್ಕೃತದ್ದು, ಯಂತ್ರ ಕ್ರೇ ಕಂಪನಿಯದೇ. ಈ ಬಾರಿ ಎಷ್ಟು ಪ್ರೊಸೆಸರ್ ಎಂದು ಯಾರೂ ಚೌಕಾಸಿ ಮಾಡಿದಂತೆ ಕಾಣಲಿಲ್ಲ. ಅದಕ್ಕೆ ಒಂದು ತಿಂಗಳು ಮೊದಲಷ್ಟೇ, 2017ರ ಡಿಸೆಂಬರಿನಲ್ಲಿ, ಭಾರತ ವಾಸೆನಾರ್ ಒಕ್ಕೂಟದ ಸದಸ್ಯನಾಗಿತ್ತು. ಕೋಕಾಮ್ ಮುಚ್ಚಿದ ಮೇಲೆ ಅದರ ಜಾಗದಲ್ಲಿ ಹುಟ್ಟಿದ ಕೂಟ ಅದು.

ಈಗ ದೆಹಲಿಗೂ ತನ್ನದೇ ಪಟ್ಟಿ ಇದೆ. ಸ್ಕೋಮೆಟ್ ಎಂದು ಅದರ ಹೆಸರು. ಸಮೂಹನಾಶಕ ಅಸ್ತ್ರಗಳಿಗೆ ನೆರವಾಗುವ ವಸ್ತು ಹೊರಗೆ ಹೋಗದಂತೆ 2005ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಬೆಂಗಳೂರಿನ ಯಾವುದೋ ಕಂಪನಿ ಪಟ್ಟಿಯಲ್ಲಿರುವ ಉಪಕರಣವನ್ನು ಹೊರದೇಶಕ್ಕೆ ಮಾರಬೇಕಾದರೆ ದೆಹಲಿಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ ಅರ್ಜಿ ಹಾಕಬೇಕು. ಕೊಳ್ಳುವವರು ಯಾರು, ಯಾವ ಕೆಲಸಕ್ಕೆ ಬಳಸುತ್ತಾರೆ ಎಂದು ಅವರಿಂದಲೇ ಬರೆಸಿ, ಸಹಿ ಹಾಕಿಸಿ ಲಗತ್ತಿಸಬೇಕು.