ವಿದೇಶ ಪ್ರವಾಸದಲ್ಲಿ ಮೊಬೈಲ್ ದೂರವಾಣಿಯ ಮಿತವ್ಯಯದ ಬಳಕೆ: ನಾಗರಿಕರಿಗೆ ಮಾಹಿತಿ

ವಿದ್ಯಾಭ್ಯಾಸ, ಉದ್ಯೋಗ, ವ್ಯಾಪಾರ, ತೀರ್ಥಯಾತ್ರೆ ಅಥವಾ ಮಕ್ಕಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರುವ ಉದ್ದೇಶದಿಂದ ವಿದೇಶಕ್ಕೆ ತೆರಳುವ ನಾಗರಿಕರು ತಮ್ಮ ಮೊಬೈಲ್ ದೂರವಾಣಿಯನ್ನು ಅಲ್ಲಿ ಕಡಿಮೆ ವೆಚ್ಚದಲ್ಲಿ ಬಳಸುವ ವಿಧಾನಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಸೇವೆಗಳಿಗೆ ಅರ್ಜಿ ಸಲ್ಲಿಸಿ, ಅದು ವಿಲೇವಾರಿಯಾಗುವ ಮುನ್ನವೇ ಪ್ರಯಾಣ ಬೆಳೆಸುವ ಅರ್ಜಿದಾರರು ಇದನ್ನು ವಿಶೇಷವಾಗಿ ಗಮನಿಸಲು ಕೋರಲಾಗಿದೆ. ಅರ್ಜಿಯ ಸ್ಥಿತಿಗತಿ, ಆಧಾರ್ ದೃಢೀಕರಣದ ಒ.ಟಿ.ಪಿ., ಬ್ಯಾಂಕಿನ ಒ.ಟಿ.ಪಿ. ಇವೆಲ್ಲವೂ ನೋಂದಾಯಿತ ಭಾರತೀಯ ಸಂಖ್ಯೆಗೇ ಬರುತ್ತವೆ.

ಮೊದಲು ತಿಳಿಯಬೇಕಾದ ವಿಷಯ

ಪ್ರವಾಸಿಗೆ ಮೊಬೈಲ್‌ನಿಂದ ಆಗಬೇಕಾದ ಕೆಲಸಗಳು ಎರಡು. ಊರಿನ ಸಂಖ್ಯೆಗೆ ಬರುವ ಸಂದೇಶಗಳು ತಪ್ಪದೆ ತಲುಪುವುದು ಒಂದು; ಅಲ್ಲಿದ್ದಷ್ಟು ದಿನ ಮಾತನಾಡಲು ಹಾಗೂ ಅಂತರ್ಜಾಲ ನೋಡಲು ಸೌಲಭ್ಯವಿರುವುದು ಇನ್ನೊಂದು. ಎರಡನ್ನೂ ಒಂದೇ ಸಿಮ್‌ನಿಂದ, ಯಾವ ಸಿದ್ಧತೆಯೂ ಇಲ್ಲದೆ ಪಡೆಯಲು ಹೊರಟಾಗಲೇ ಬಿಲ್ಲಿನ ಮೊತ್ತ ಏರುತ್ತದೆ. ಇಂದಿನ ಬಹುತೇಕ ದೂರವಾಣಿಗಳಲ್ಲಿ ಎರಡು ಸಿಮ್‌ಗಳಿಗೆ ಅವಕಾಶವಿರುವುದರಿಂದ, ಭಾರತೀಯ ಸಿಮ್ಮನ್ನು ಸಂದೇಶಗಳಿಗಷ್ಟೇ ಮೀಸಲಿಟ್ಟು, ಡೇಟಾ ಮತ್ತು ಕರೆಗಳಿಗೆ ಬೇರೊಂದು ಸಿಮ್ ಬಳಸುವುದು ಹೆಚ್ಚಿನ ಪ್ರವಾಸಿಗಳಿಗೆ ಲಾಭದಾಯಕ ಮಾರ್ಗವಾಗಿದೆ.

ಇದಕ್ಕಾಗಿ ಹೊರಡುವ ಮುನ್ನವೇ ಭಾರತೀಯ ಸಂಖ್ಯೆಯಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಸಕ್ರಿಯಗೊಳಿಸಿಕೊಳ್ಳತಕ್ಕದ್ದು. ಪರದೇಶ ತಲುಪಿದ ಮೇಲೆ ಅದನ್ನು ಕೋರಲು ಒ.ಟಿ.ಪಿ. ಬೇಕಾಗಬಹುದು, ರೋಮಿಂಗ್ ಇಲ್ಲದೆ ಆ ಒ.ಟಿ.ಪಿ. ಬಾರದು. ಸಕ್ರಿಯಗೊಳಿಸಿದ ನಂತರ ಆ ಸಿಮ್‌ನ 'ಡೇಟಾ ರೋಮಿಂಗ್' ಆಯ್ಕೆಯನ್ನು ಮಾತ್ರ ನಿಲ್ಲಿಸಬೇಕು. ಒಂದು ಸಿಮ್‌ನ ಸಂಕೇತ ಕ್ಷೀಣಿಸಿದಾಗ ಡೇಟಾವನ್ನು ತಾನಾಗಿಯೇ ಇನ್ನೊಂದಕ್ಕೆ ವರ್ಗಾಯಿಸುವ ಆಯ್ಕೆ ಕೆಲವು ದೂರವಾಣಿಗಳಲ್ಲಿದ್ದು, ಅದನ್ನೂ ನಿಲ್ಲಿಸುವುದು ಅವಶ್ಯ. ರೋಮಿಂಗ್‌ನಲ್ಲಿ ಒಳಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ. ಆದರೆ ಒಳಬರುವ ಕರೆಯನ್ನು ಸ್ವೀಕರಿಸಿದರೆ ನಿಮಿಷಕ್ಕೆ ಶುಲ್ಕ ಬೀಳುತ್ತದೆ. ಊರಿನಲ್ಲಿ ಒಳಕರೆ ಉಚಿತವೆಂಬ ರೂಢಿಯಿಂದ ಅಲ್ಲಿಯೂ ದೀರ್ಘವಾಗಿ ಮಾತನಾಡುವವರೇ ಅಧಿಕ. ಬಂಧುಗಳಿಗೆ ವಾಟ್ಸಾಪ್ ಮೂಲಕವೇ ಕರೆ ಮಾಡುವಂತೆ ಮುಂಚಿತವಾಗಿ ತಿಳಿಸಿರುವುದು ಒಳಿತು. ಹೊಸ ಸಿಮ್ ಹಾಕಿದಾಗ ಸಂಖ್ಯೆ ಬದಲಿಸಬೇಕೇ ಎಂದು ವಾಟ್ಸಾಪ್ ಕೇಳಿದಲ್ಲಿ ಬೇಡವೆಂದು ಉತ್ತರಿಸಬಹುದು. ಹಳೆಯ ಸಂಖ್ಯೆಯಲ್ಲಿಯೇ ಅದು ಮುಂದುವರಿಯುತ್ತದೆ.

ರೋಮಿಂಗ್ ಪ್ಯಾಕ್ ಯಾರಿಗೆ ಸೂಕ್ತ

ಐದಾರು ದಿನಗಳ ಪ್ರವಾಸಕ್ಕೆ, ಅಲ್ಪಕಾಲದಲ್ಲಿ ಹಲವು ದೇಶಗಳನ್ನು ಸುತ್ತುವವರಿಗೆ ಹಾಗೂ ತಾಂತ್ರಿಕ ಹೊಂದಾಣಿಕೆಗಳ ಅಭ್ಯಾಸವಿಲ್ಲದ ಹಿರಿಯರಿಗೆ ಭಾರತೀಯ ಸೇವಾದಾರರ ರೋಮಿಂಗ್ ಪ್ಯಾಕ್ ಅನುಕೂಲಕರ. ಖರೀದಿಗೆ ಮುನ್ನ ಮೂರು ಅಂಶಗಳನ್ನು ಖಚಿತಪಡಿಸಿಕೊಳ್ಳಬೇಕು: ತಾವು ತೆರಳುವ ದೇಶ ಪಟ್ಟಿಯಲ್ಲಿದೆಯೇ, ಅವಧಿಯ ಎಣಿಕೆ ಖರೀದಿಯ ದಿನದಿಂದಲೋ, ವಿದೇಶಿ ಜಾಲಕ್ಕೆ ಮೊದಲ ಬಾರಿ ಸಂಪರ್ಕಗೊಂಡ ಕ್ಷಣದಿಂದಲೋ, ಪ್ಯಾಕ್ ಮುಗಿದ ನಂತರ ಸೇವೆ ನಿಲ್ಲುತ್ತದೆಯೋ ಅಥವಾ ಸಾಮಾನ್ಯ ದರದಲ್ಲಿ ಮುಂದುವರಿಯುತ್ತದೆಯೋ. ಹನ್ನೆರಡು ದಿನಗಳ ಪ್ರವಾಸಕ್ಕೆ ಹತ್ತು ದಿನಗಳ ಪ್ಯಾಕ್ ಪಡೆದವರಿಗೆ ಉಳಿದ ಎರಡು ದಿನಗಳೇ ಪ್ಯಾಕಿಗಿಂತ ದುಬಾರಿಯಾಗಬಹುದು. ಈ ಅಪಾಯ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಹೆಚ್ಚು. ಪ್ರೀಪೇಯ್ಡ್‌ನಲ್ಲಿ ನಷ್ಟ ಶಿಲ್ಕಿನ ಮಟ್ಟಕ್ಕೆ ಸೀಮಿತವಾಗಿರುತ್ತದೆ.

ಚೀನಾಕ್ಕೆ ತೆರಳುವ ವ್ಯಾಪಾರಸ್ಥರಿಗೆ ಒಂದು ಸೂಚನೆ. ಗುವಾಂಗ್‌ಝೌ ನಗರದ ಕ್ಯಾಂಟನ್ ವಾಣಿಜ್ಯ ಮೇಳ ಪ್ರತಿ ವರ್ಷ ವಸಂತ ಹಾಗೂ ಶರತ್ಕಾಲದಲ್ಲಿ ನಡೆಯುತ್ತದೆ. ಅಲ್ಲಿನ ಸ್ಥಳೀಯ ಸಿಮ್‌ನಲ್ಲಿ ಗೂಗಲ್, ವಾಟ್ಸಾಪ್ ಮುಂತಾದವು ಲಭ್ಯವಿಲ್ಲ. ರೋಮಿಂಗ್‌ನಲ್ಲಿ ಡೇಟಾ ಮೂಲ ದೇಶದ ಜಾಲದ ಮೂಲಕ ಹಾದುಬರುವುದರಿಂದ ಇವು ಸಾಮಾನ್ಯವಾಗಿ ದೊರೆಯುತ್ತವೆ. ಅಗ್ಗದ ಸ್ಥಳೀಯ ಸಿಮ್ ಪಡೆದು ಕಾರ್ಖಾನೆಯಲ್ಲಿ ತೆಗೆದ ಮಾದರಿಯ ಚಿತ್ರವನ್ನು ಬೆಂಗಳೂರಿನ ಅಂಗಡಿಗೆ ಕಳುಹಿಸಲಾಗದಿದ್ದರೆ ಅದು ಉಳಿತಾಯವಾಗದು. ಈ ಒಂದು ದೇಶದ ಮಟ್ಟಿಗೆ ರೋಮಿಂಗ್ ಪ್ಯಾಕೇ ಮೇಲು.

ಸ್ಥಳೀಯ ಸಿಮ್

ಒಂದೇ ದೇಶದಲ್ಲಿ ಎರಡು ವಾರಕ್ಕಿಂತ ಹೆಚ್ಚು ಇರುವವರಿಗೆ ಸ್ಥಳೀಯ ಪ್ರೀಪೇಯ್ಡ್ ಸಿಮ್ ಬಹುತೇಕ ಅಗ್ಗ. ಥಾಯ್ಲೆಂಡ್, ಶ್ರೀಲಂಕಾ, ಸಿಂಗಪುರಗಳಲ್ಲಿ ವಿಮಾನ ನಿಲ್ದಾಣದ ಮಳಿಗೆಗಳಲ್ಲಿಯೇ ಪಾಸ್‌ಪೋರ್ಟ್ ತೋರಿಸಿ ಪಡೆಯಬಹುದು. ಸೌದಿ ಅರೇಬಿಯಾದಲ್ಲಿ ಸಿಮ್ ನೋಂದಣಿಗೆ ಬೆರಳಚ್ಚು ನೀಡಬೇಕಾದುದರಿಂದ ಹಜ್ ಹಾಗೂ ಉಮ್ರಾ ಯಾತ್ರಿಕರು ಖುದ್ದಾಗಿ ಹಾಜರಾಗಬೇಕಾಗುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಟ್ಸಾಪ್ ಸಂದೇಶಗಳಿಗೆ ಅಡ್ಡಿಯಿಲ್ಲದಿದ್ದರೂ ಅಂತರ್ಜಾಲ ಕರೆಗಳಿಗೆ ನಿರ್ಬಂಧವಿದ್ದು, ಅಲ್ಲಿನ ನಿಯಂತ್ರಣ ಪ್ರಾಧಿಕಾರದ ಅನುಮತಿ ಪಡೆದ ಆಪ್‌ಗಳನ್ನೇ ಬಳಸಬೇಕು. ದುಬೈನಲ್ಲಿ ಡೇಟಾ ಸಿಮ್ ಪಡೆದ ಮಾತ್ರಕ್ಕೆ ಮಂಗಳೂರಿನ ಮನೆಗೆ ಉಚಿತವಾಗಿ ಮಾತನಾಡಬಹುದೆಂದು ಭಾವಿಸಬಾರದು.

ಯುರೋಪಿನಲ್ಲಿ ಪರಿಸ್ಥಿತಿ ಪ್ರವಾಸಿಗೆ ಅನುಕೂಲಕರವಾಗಿದೆ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದೊಳಗೆ ರೋಮಿಂಗ್ ಹೆಚ್ಚುವರಿ ಶುಲ್ಕ ರದ್ದಾಗಿದ್ದು, 2022ರಲ್ಲಿ ಈ ವ್ಯವಸ್ಥೆಯನ್ನು 2032ರವರೆಗೆ ವಿಸ್ತರಿಸಲಾಗಿದೆ. ನಾರ್ವೆ, ಐಸ್‌ಲ್ಯಾಂಡ್, ಲೀಖ್ಟೆನ್‌ಸ್ಟೈನ್ ದೇಶಗಳೂ ಇದರಲ್ಲಿ ಸೇರಿವೆ. ಪ್ಯಾರಿಸ್‌ನಲ್ಲಿ ಕೊಂಡ ಸಿಮ್ ರೋಮ್‌ನಲ್ಲಿಯೂ ಅದೇ ದರದಲ್ಲಿ ನಡೆಯುತ್ತದೆ. ಹೊರದೇಶದಲ್ಲಿ ಬಳಸಬಹುದಾದ ಡೇಟಾಕ್ಕೆ ಮಿತಿ ಇರಬಹುದು. ಆದರೆ ನಮ್ಮ ಪ್ರವಾಸಿಗಳಿಗೆ ಪ್ರಿಯವಾದ ಸ್ವಿಟ್ಜರ್ಲೆಂಡ್ ಈ ವ್ಯವಸ್ಥೆಯಲ್ಲಿಲ್ಲ. ಗಡಿ ದಾಟಿದ್ದು ರೈಲಿನಲ್ಲಿ ಕುಳಿತವರ ಗಮನಕ್ಕೆ ಬಾರದಿದ್ದರೂ ದೂರವಾಣಿಯ ಜಾಲ ಬದಲಾಗಿರುತ್ತದೆ. ಸ್ವಿಟ್ಜರ್ಲೆಂಡ್ ಸೇರಿದೆಯೆಂದು ಸ್ಪಷ್ಟವಾಗಿ ನಮೂದಿಸಿರುವ ಸಿಮ್ಮನ್ನೇ ಆರಿಸಬೇಕು. ಬ್ರಿಟನ್ ಸಹ ಒಕ್ಕೂಟದಿಂದ ಹೊರಬಂದಿರುವುದನ್ನು ನೆನಪಿಡುವುದು.

ಭಾರತದಲ್ಲಿ ಮಾರಾಟವಾಗುವ ವಿದೇಶಿ ಸಿಮ್ ಮತ್ತು ಇ-ಸಿಮ್

ವಿದೇಶಿ ಸಿಮ್‌ಗಳನ್ನು ಭಾರತದಲ್ಲಿ ಮಾರಾಟ ಮಾಡಲು ಅಥವಾ ಬಾಡಿಗೆಗೆ ನೀಡಲು ಕೇಂದ್ರ ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಕಡ್ಡಾಯ. 2022ರ ಜನವರಿಯಲ್ಲಿ ಪರಿಷ್ಕರಿಸಲಾದ ಷರತ್ತುಗಳ ಅನ್ವಯ ಇಂತಹ ಮಾರಾಟಗಾರರು ಗ್ರಾಹಕ ಸೇವಾ ಸಂಖ್ಯೆ, ದರಪಟ್ಟಿ ಹಾಗೂ ವಿವರವಾದ ಬಿಲ್ ಒದಗಿಸಬೇಕು. ಪತ್ರವಿಲ್ಲದೆ ಇ-ಸಿಮ್ ಮಾರುತ್ತಿದ್ದ ಎರಡು ವಿದೇಶಿ ಸಂಸ್ಥೆಗಳ ಆಪ್ ಹಾಗೂ ಜಾಲತಾಣಗಳನ್ನು ನಿರ್ಬಂಧಿಸಲು 2024ರ ಜನವರಿಯಲ್ಲಿ ಸೂಚಿಸಲಾಗಿತ್ತು. ಆದ್ದರಿಂದ ಹಣ ಪಾವತಿಸುವ ಮುನ್ನ ನಿರಾಕ್ಷೇಪಣಾ ಪತ್ರದ ಬಗ್ಗೆ ವಿಚಾರಿಸುವುದು ಗ್ರಾಹಕರ ಹಿತದಲ್ಲಿದೆ. ದೂರವಾಣಿಯಲ್ಲಿ *#06# ಒತ್ತಿದಾಗ ಐ.ಎಂ.ಇ.ಐ. ಜೊತೆಗೆ ಇ.ಐ.ಡಿ. ಎಂಬ ಸಂಖ್ಯೆಯೂ ಕಂಡುಬಂದಲ್ಲಿ ಅದರಲ್ಲಿ ಇ-ಸಿಮ್ ಸೌಲಭ್ಯವಿದೆಯೆಂದು ತಿಳಿಯಬಹುದು. ಇ-ಸಿಮ್‌ಗಳಲ್ಲಿ ಹಲವು ಡೇಟಾ ಮಾತ್ರ ನೀಡುತ್ತವೆ. ಸ್ಥಳೀಯ ದೂರವಾಣಿ ಸಂಖ್ಯೆ ಇರುವುದಿಲ್ಲ.

ದೂರವಾಣಿ ಉಪಕರಣ

ಹಿರಿಯರು ಬಳಸುವ ಹಳೆಯ ಕೀಲಿಮಣೆ ದೂರವಾಣಿಗಳು ಹಲವು ದೇಶಗಳಲ್ಲಿ ಕೆಲಸ ಮಾಡುವುದಿಲ್ಲ. ಅಮೆರಿಕದ ಪ್ರಮುಖ ಸೇವಾದಾರರು 2022ರಲ್ಲಿ, ಸಿಂಗಪುರ ಮತ್ತು ಆಸ್ಟ್ರೇಲಿಯಾದವರು 2024ರಲ್ಲಿ 3ಜಿ ಜಾಲವನ್ನು ಮುಚ್ಚಿದ್ದಾರೆ. ಅಲ್ಲೆಲ್ಲ ಕರೆ ಮಾಡಲು ಆ ಜಾಲಕ್ಕೆ ಹೊಂದುವ ವೋಲ್ಟಿ ಸೌಲಭ್ಯ ಅವಶ್ಯ. ಆಸ್ಟ್ರೇಲಿಯಾದಲ್ಲಿ ತುರ್ತು ಸಂಖ್ಯೆ 000ಕ್ಕೆ 4ಜಿ ಮೂಲಕ ಕರೆ ಮಾಡಲಾಗದ ದೂರವಾಣಿಗಳಿಗೆ ಸೇವೆಯನ್ನೇ ನೀಡುವುದಿಲ್ಲ. ಟರ್ಕಿಯಲ್ಲಿ ಹೊರಗಿನಿಂದ ತಂದ ದೂರವಾಣಿ ಸ್ಥಳೀಯ ಸಿಮ್‌ನೊಂದಿಗೆ ನೋಂದಣಿಯಿಲ್ಲದೆ 120 ದಿನ ಮಾತ್ರ ನಡೆಯುತ್ತದೆ.

ವಿಮಾನ ಮತ್ತು ಹಡಗು

ಕೆಲವು ವಿಮಾನಗಳಲ್ಲಿ ಹಾಗೂ ವಿಹಾರ ನೌಕೆಗಳಲ್ಲಿ ಉಪಗ್ರಹ ಆಧಾರಿತ ಮೊಬೈಲ್ ಜಾಲವಿರುತ್ತದೆ. ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳು ಅದಕ್ಕೆ ಅನ್ವಯಿಸದಿರುವುದೇ ಹೆಚ್ಚು. ದೂರವಾಣಿಯನ್ನು ಏರೋಪ್ಲೇನ್ ಮೋಡ್‌ನಲ್ಲಿಡುವುದು ಸುರಕ್ಷತೆಗೆ ಮಾತ್ರವಲ್ಲ, ಜೇಬಿಗೂ ಹಿತಕರ.

ದೀರ್ಘಕಾಲ ಹೊರಗಿರುವವರು ಭಾರತೀಯ ಸಂಖ್ಯೆಯನ್ನು ಉಳಿಸಿಕೊಳ್ಳುವುದು

ಆರು ತಿಂಗಳು ಅಮೆರಿಕದಲ್ಲಿ ಇದ್ದು ಬರುವ ತಂದೆತಾಯಿಗಳು ಸಿಮ್ಮನ್ನು ಬೀರುವಿನಲ್ಲಿಟ್ಟು ಹೋಗುವುದು ಸಾಮಾನ್ಯ. ಇದರ ಪರಿಣಾಮ ರೋಮಿಂಗ್ ಬಿಲ್ಲಿಗಿಂತ ಗಂಭೀರ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, 2013ರ ನಿಯಮಗಳ ಅನ್ವಯ ಪ್ರೀಪೇಯ್ಡ್ ಸಂಖ್ಯೆಯನ್ನು ಸತತ 90 ದಿನ ಯಾವುದಕ್ಕೂ ಬಳಸದಿದ್ದಲ್ಲಿ ಹಾಗೂ ಖಾತೆಯಲ್ಲಿ 20 ರೂಪಾಯಿಗಿಂತ ಕಡಿಮೆ ಶಿಲ್ಕು ಇದ್ದಲ್ಲಿ ಅದನ್ನು ನಿಷ್ಕ್ರಿಯಗೊಳಿಸಬಹುದಾಗಿದೆ. ಬಳಿಕ 15 ದಿನಗಳ ಕಾಲಾವಕಾಶವಷ್ಟೇ ಇರುತ್ತದೆ. ರದ್ದಾದ ಸಂಖ್ಯೆ ಕ್ರಮೇಣ ಬೇರೊಬ್ಬ ಗ್ರಾಹಕರಿಗೆ ಹಂಚಿಕೆಯಾಗುತ್ತದೆ. ಪಿಂಚಣಿ ಖಾತೆಯ ಒ.ಟಿ.ಪಿ., ಆಸ್ತಿ ದಾಖಲೆಗಳ ಸಂದೇಶ ಇವೆಲ್ಲ ಆ ಅಪರಿಚಿತರ ದೂರವಾಣಿಗೆ ಹೋಗುವ ಸಾಧ್ಯತೆಯಿದೆ.

ಸಂಖ್ಯೆ ಉಳಿಯುವುದು ಬೇರೆ, ಸಂದೇಶ ಬರುವುದು ಬೇರೆ ಎಂಬುದನ್ನು ಗಮನಿಸಬೇಕು. 20 ರೂಪಾಯಿ ಶಿಲ್ಕು ಸಂಖ್ಯೆಯನ್ನು ಉಳಿಸುತ್ತದೆ. ಆದರೆ ರೀಚಾರ್ಜ್ ಅವಧಿ ಮುಗಿದರೆ ಒಳಬರುವ ಸೇವೆ ಸ್ಥಗಿತಗೊಳ್ಳಬಹುದು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ತಂದ ತಿದ್ದುಪಡಿಯ ಮೇರೆಗೆ ಸೇವಾದಾರರು ಡೇಟಾ ರಹಿತವಾಗಿ ಕರೆ ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರ ಮೀಸಲಾದ ವೋಚರ್‌ಗಳನ್ನು ಒದಗಿಸಬೇಕಾಗಿದ್ದು, ವಿಶೇಷ ವೋಚರ್‌ಗಳ ಗರಿಷ್ಠ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ಏರಿಸಲಾಗಿದೆ. ದೀರ್ಘಕಾಲ ಹೊರಗಿರುವ ಹಿರಿಯರಿಗೆ ಇಂತಹ ದೀರ್ಘಾವಧಿ ವೋಚರ್ ಹಾಕಿಸಿ, ಸಿಮ್ಮನ್ನು ಜೊತೆಯಲ್ಲಿಯೇ ಕೊಂಡೊಯ್ಯುವುದು ಉಚಿತವೆಂದು ಈ ಶಾಖೆಯ ಅಭಿಪ್ರಾಯ. ಒ.ಟಿ.ಪಿ.ಗಾಗಿ ಸಿಮ್ಮನ್ನು ನೆರೆಹೊರೆಯವರಿಗೆ ಒಪ್ಪಿಸಿ ಹೋಗುವ ಪದ್ಧತಿ ಸಮರ್ಥನೀಯವಲ್ಲ.

ದೂರವಾಣಿ ಕಳೆದುಹೋದಲ್ಲಿ

ಮೊದಲು ಭಾರತೀಯ ಸೇವಾದಾರರಿಗೆ ತಿಳಿಸಿ ಸಿಮ್ಮನ್ನು ಸ್ಥಗಿತಗೊಳಿಸಬೇಕು. ನಂತರ ಬ್ಯಾಂಕಿಗೆ ತಿಳಿಸಬೇಕು. 1800ರಿಂದ ಆರಂಭವಾಗುವ ಉಚಿತ ಸಂಖ್ಯೆಗಳು ವಿದೇಶದಿಂದ ಸಾಮಾನ್ಯವಾಗಿ ಸಂಪರ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಸೇವಾದಾರರ ಹಾಗೂ ಬ್ಯಾಂಕಿನ ಸಾಮಾನ್ಯ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಂಡು ಪಾಸ್‌ಪೋರ್ಟ್ ಜೊತೆ ಇರಿಸಿಕೊಳ್ಳುವುದು. ಬೆಂಗಳೂರಿನ ಸ್ಥಿರ ದೂರವಾಣಿಗೆ +91 80 ಎಂದು ಆರಂಭಿಸಬೇಕು. 80ರ ಹಿಂದಿನ ಸೊನ್ನೆಯನ್ನು ಬಿಡಬೇಕು.

ಬಿಲ್ ಬಗ್ಗೆ ದೂರು

ಅಧಿಕ ಶುಲ್ಕ ವಿಧಿಸಲಾಗಿದೆ ಎನಿಸಿದಲ್ಲಿ ಮೊದಲು ಸೇವಾದಾರರ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ಡಾಕೆಟ್ ಸಂಖ್ಯೆ ಪಡೆಯತಕ್ಕದ್ದು. ಪರಿಹಾರ ತೃಪ್ತಿಕರವಾಗದಿದ್ದರೆ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು. ಅದು 39 ದಿನಗಳಲ್ಲಿ ತೀರ್ಮಾನವಾಗಬೇಕು. ದೂರಸಂಪರ್ಕ ಸೇವೆಯ ಗ್ರಾಹಕರು ಗ್ರಾಹಕರ ಆಯೋಗದ ಮೊರೆಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಪ್ಯಾಕ್ ಖರೀದಿಯ ರಸೀದಿ, ಸಕ್ರಿಯಗೊಂಡ ಬಗ್ಗೆ ಬಂದ ಸಂದೇಶ ಹಾಗೂ ಪಾಸ್‌ಪೋರ್ಟಿನಲ್ಲಿರುವ ವಲಸೆ ಮುದ್ರೆಯ ಪ್ರತಿಯನ್ನು ದೂರಿನೊಂದಿಗೆ ಲಗತ್ತಿಸಿದರೆ ದಿನಾಂಕಗಳ ಬಗ್ಗೆ ವಿವಾದಕ್ಕೆ ಆಸ್ಪದ ಕಡಿಮೆ.