ಗರ್ಭಸ್ಥ ಜೀವವೂ ಕಥೋಲಿಕ ಧರ್ಮಶಾಸನವೂ

ಪುತ್ತೂರಿನ ಇಗರ್ಜಿಗೆ ‘ಮಾಯ್ ದೆ ದೇವುಸ್’ ಎಂದು ಹೆಸರು. ಪೋರ್ತುಗೀಸ್ ನುಡಿಯ ಈ ಹೆಸರಿಗೆ ದೇವಮಾತೆಯೆಂದು ಅರ್ಥ. ದೇವಪುತ್ರನು ಮಾನುಷ ಗರ್ಭದಲ್ಲಿ ನೆಲೆಸಿದನೆಂಬ ನಂಬಿಕೆಯೇ ಇದರ ಮೂಲವು. ಕ್ರಿಸ್ಮಸಿಗೆ ಒಂಬತ್ತು ತಿಂಗಳು ಮೊದಲು, ಮಾರ್ಚ್ 25ರಂದು, ಆ ಗರ್ಭಧಾರಣೆಯ ಹಬ್ಬವು ನಡೆಯುವುದು. ಪುತ್ತೂರು, ಸುಳ್ಯ, ಕಡಬ ಸೀಮೆಯ ಕಥೋಲಿಕರು, ಕೊಂಕಣಿ ನುಡಿಯವರಾಗಲಿ ಮಲಯಾಳ ನುಡಿಯವರಾಗಲಿ, ಗರ್ಭಸ್ಥ ಜೀವವನ್ನು ಪವಿತ್ರವೆಂದೆಣಿಸುವುದಕ್ಕೆ ಇದೂ ಒಂದು ಆಧಾರವು.

ಭ್ರೂಣಹತ್ಯೆಯನ್ನು ಕ್ರೈಸ್ತಸಭೆಯು ಆದಿಯಿಂದಲೂ ಪಾಪವೆಂದೇ ಸಾರಿತು. ಆದರೆ ದಂಡನೆಯು ಸರ್ವಕಾಲಕ್ಕೂ ಏಕರೂಪವಾಗಿರಲಿಲ್ಲ. ಪಿಂಡಕ್ಕೆ ಜೀವಾತ್ಮವು ಕೆಲದಿನಗಳಾದ ಮೇಲೆ ಕೂಡುವುದೆಂಬ ಅರಿಸ್ಟಾಟಲನ ಮತವನ್ನು ಮಧ್ಯಯುಗದ ಪಂಡಿತರು ಅಂಗೀಕರಿಸಿ, ಅದಕ್ಕೆ ಮೊದಲಿನ ಗರ್ಭಪಾತಕ್ಕೆ ಲಘುದಂಡನೆಯನ್ನು ವಿಧಿಸಿದ್ದರು. 1588ರಲ್ಲಿ ಐದನೆಯ ಸಿಕ್ಸ್ತುಸ್ ಪೋಪರು ಈ ಭೇದವನ್ನು ತೆಗೆದರು. 1591ರಲ್ಲಿ ಹದಿನಾಲ್ಕನೆಯ ಗ್ರೆಗೋರಿಯವರು ಮರಳಿ ತಂದರು. 1869ರಲ್ಲಿ ಒಂಬತ್ತನೆಯ ಪಿಯುಸರು ಪುನಃ ತೊಡೆದುಹಾಕಿದರು.

ಭಾರತದಲ್ಲಿ 1860ರ ದಂಡಸಂಹಿತೆಯು, ತಾಯಿಯ ಪ್ರಾಣರಕ್ಷಣೆಯ ಪ್ರಸಂಗವೊಂದನ್ನುಳಿದು, ಗರ್ಭಪಾತವನ್ನು ಅಪರಾಧವೆಂದಿತು. ಕಳ್ಳದಾರಿಯ ಗರ್ಭಪಾತಕ್ಕೆ ಅನೇಕ ಸ್ತ್ರೀಯರು ಬಲಿಯಾಗುತ್ತಿದ್ದುದರಿಂದ 1971ರ ಶಾಸನವು ವೈದ್ಯರ ಅಭಿಪ್ರಾಯದ ಮೇಲೆ ಅದಕ್ಕೆ ಎಡೆಗೊಟ್ಟಿತು. 2021ರ ತಿದ್ದುಪಡಿಯು ಕೆಲವು ಪ್ರಸಂಗಗಳಲ್ಲಿ ಅವಧಿಯನ್ನು 24 ವಾರಗಳಿಗೇರಿಸಿತು. ಹೀಗೆ ರಾಜಶಾಸನವು ಬಿಟ್ಟುಕೊಟ್ಟುದನ್ನು ಧರ್ಮಶಾಸನವು ಬಿಟ್ಟುಕೊಡದು. ಎರಡರ ನಡುವೆ ನಿಲ್ಲತಕ್ಕವಳು ಗರ್ಭಿಣಿಯೇ.

ಈ ಸಂಕಟವನ್ನು ಸಭೆಯು ಅರಿಯದೆ ಇಲ್ಲ. 1995ರ ಪತ್ರದಲ್ಲಿ ಎರಡನೆಯ ಜಾನ್ ಪೌಲರು ನಿಷೇಧವನ್ನು ದೃಢಪಡಿಸಿದರೂ, ಗರ್ಭ ತೆಗೆಸಿದ ಸ್ತ್ರೀಯರು ನಿರಾಶೆಗೊಳ್ಳಬಾರದೆಂದು ಸಂತೈಸಿದರು. 2016ರಲ್ಲಿ ಫ್ರಾನ್ಸಿಸ್ ಪೋಪರು ಈ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಸಕಲ ಪಾದ್ರಿಗಳಿಗೂ ಕೊಟ್ಟರು. ಇದರಿಂದ ಸುಳ್ಯದ ಕಾಡಂಚಿನಲ್ಲಿರುವ ದುಃಖಿನಿಗೂ ತನ್ನೂರ ಗುರುಗಳ ಮುಂದಿನ ಪಾಪನಿವೇದನೆಯೇ ಸಾಕು.