ಹದಿನಾರನೆಯ ಕೀರ್ತನೆಯ ಒಂದು ಪದ

ಕ್ಯಾಸಲ್‌ರಾಕ್ ನಿಲ್ದಾಣವನ್ನು ಬಲ್ಲ ವಾಚಕರಿಗೆ ಅದರ ಪರಿಚಯ ಬೇಕಿಲ್ಲ. 1961ರಲ್ಲಿ ಗೋವೆಯ ವಿಮೋಚನೆಯಾಗುವವರೆಗೂ ಅದು ಗಡಿಯ ಠಾಣೆ. ಸುಂಕದವರು ಗಂಟುಮೂಟೆ ಬಿಚ್ಚಿಸಿ ನೋಡುತ್ತಿದ್ದರು. ರೈಲಿನ ಕೆಲಸಕ್ಕೆ ಬಂದ ಗೋವೆಯ ಕ್ರೈಸ್ತರಲ್ಲಿ ಕೆಲವರು ಅಲ್ಲಿಯೇ ನೆಲೆಸಿದರು. ಅಂಥ ಒಂದು ಮನೆಯಲ್ಲಿ ಹಳೆಯ ಲ್ಯಾಟಿನ್ ಪ್ರಾರ್ಥನೆಯ ಪುಸ್ತಕ ಕಂಡೆ. ನನ್ನ ಕನ್ನಡ ಬೈಬಲ್ಲಿನಲ್ಲಿ 16ನೆಯದಾದ ಕೀರ್ತನೆ ಅದರಲ್ಲಿ 15ನೆಯದಾಗಿತ್ತು. ಅಚ್ಚಿನ ತಪ್ಪೆಂದು ಬಗೆದೆ, ತಪ್ಪು ನನ್ನದೇ. ಹೀಬ್ರೂ ಮೂಲದ 9 ಮತ್ತು 10ನೆಯ ಕೀರ್ತನೆಗಳನ್ನು ಗ್ರೀಕ್ ಭಾಷಾಂತರ ಒಂದಾಗಿ ಎಣಿಸಿತು, ಲ್ಯಾಟಿನ್ ಅದನ್ನೇ ಅನುಸರಿಸಿತು.

ಎಣಿಕೆಯ ಭೇದ ಸಣ್ಣದು. ಅದೇ ಕೀರ್ತನೆಯ 10ನೆಯ ವಚನದ ಪದಭೇದ ಸಣ್ಣದಲ್ಲ. ದೇವರು ತನ್ನ ಭಕ್ತನನ್ನು ಮೃತರ ಲೋಕವಾದ ಷಿಯೋಲಿಗೆ ಬಿಟ್ಟುಕೊಡನು, ಅವನಿಗೆ ‘ಶಹತ್’ ಕಾಣಿಸನು ಎಂಬುದು ಅದರ ತಾತ್ಪರ್ಯ. ಶಹತ್ ಎಂದರೇನು? ಕುಸಿ, ಇಳಿ ಎಂಬ ಧಾತುವಿನಿಂದ ಬಂದುದಾದರೆ ಗುಂಡಿ, ಎಂದರೆ ಗೋರಿ. ಕೆಡು ಎಂಬ ಧಾತುವಿನಿಂದಾದರೆ ಕೊಳೆಯುವಿಕೆ. ಗ್ರೀಕ್ ಭಾಷಾಂತರಕಾರರು ಎರಡನೆಯದನ್ನು ಹಿಡಿದು ‘ದಿಯಾಫ್ಥೊರಾ’ ಎಂದರು.

ಗುಂಡಿಯನ್ನು ಕಾಣದವನು ಸಾವಿನ ದವಡೆಯಿಂದ ಪಾರಾದವನು, ಅಷ್ಟೆ. ಕೊಳೆಯುವಿಕೆಯನ್ನು ಕಾಣದವನೋ, ಸತ್ತ ಮೇಲೂ ದೇಹ ಕೆಡದೆ ಎದ್ದು ಬಂದವನಾಗಬಹುದು. ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯದಲ್ಲಿ ಪೇತ್ರನ ವಾದ ಇದರ ಮೇಲೆಯೇ ನಿಂತಿದೆ: ದಾವೀದ ಸತ್ತ, ಅವನ ಗೋರಿ ಇಲ್ಲಿಯೇ ಇದೆ, ಆದುದರಿಂದ ಮಾತು ಅವನನ್ನು ಕುರಿತುದಲ್ಲ, ಅವನ ವಂಶದ ಮೆಸ್ಸೀಯನನ್ನು ಕುರಿತುದು. 13ನೆಯ ಅಧ್ಯಾಯದಲ್ಲಿ ಪೌಲನದೂ ಇದೇ ವಾದ. ಯೆಹೂದ್ಯ ವ್ಯಾಖ್ಯಾನಕಾರರು ಇದನ್ನೊಪ್ಪರು. ಅವರಿಗೆ ಅದು ದಾವೀದನು ತನಗಾಗಿ ತಾಳಿದ ಭರವಸೆ.

ಕ್ರೈಸ್ತರು ಪದವನ್ನು ತಿದ್ದಿಕೊಂಡರೆಂಬ ಆಕ್ಷೇಪವನ್ನು ಕೇಳಿದ್ದೇನೆ. ಅದು ನಿಲ್ಲದು. ಆ ಗ್ರೀಕ್ ಭಾಷಾಂತರ ಯೆಹೂದ್ಯರದೇ ಕೆಲಸ, ಕ್ರಿಸ್ತನಿಗಿಂತ ಮೊದಲಿನದು. ಆದರೂ, ಧಾತುಪಾಠ ಹೇಳಿಕೊಡುವ ಪಂಡಿತನಾಗಿ ನಾನು ಹೀಬ್ರೂ ಪಾಠದಲ್ಲಿ ಗುಂಡಿಯನ್ನೇ ಮೆಚ್ಚುತ್ತೇನೆ. ಒಂದೇ ಭಾವವನ್ನು ಎರಡು ಪಾದಗಳಲ್ಲಿ ಬೇರೆ ಬೇರೆ ಪದಗಳಿಂದ ಹೇಳುವುದು ಹೀಬ್ರೂ ಕವಿಗಳ ರೂಢಿ. ಮೊದಲಲ್ಲಿ ಷಿಯೋಲ್ ಬಂದಿರುವಾಗ ಎರಡನೆಯದರಲ್ಲಿ ಗುಂಡಿಯೇ ಸಹಜ. ಹಾಗೆಂದು ಈಸ್ಟರಿನ ಹಿಂದಿನ ರಾತ್ರಿ ಈ ಕೀರ್ತನೆಯನ್ನು ಹಾಡುವವರ ನಂಬಿಕೆ ಒಂದು ಧಾತುವಿನಿಂದ ಬಿದ್ದುಹೋಗುವುದೆಂದೂ ನಾನು ಹೇಳಲಾರೆ.

ನನ್ನ ಮರುಕವೆಲ್ಲ ಭಾಷಾಂತರಕಾರನ ಮೇಲೆ. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸರ ಪಾಡು ನೆನೆಯಿರಿ. ಕೀರ್ತನೆಯಲ್ಲಿ ಗುಂಡಿ ಎಂದು ಬರೆದರೆ ಪೇತ್ರನ ಭಾಷಣಕ್ಕೆ ಆಧಾರ ಕಾಣದು. ಕೊಳೆಯುವಿಕೆ ಎಂದರೆ ದಾವೀದನ ಬಾಯಲ್ಲಿ ಪೇತ್ರನ ಮಾತು. ಎರಡೂ ಒಂದೇ ರಟ್ಟಿನೊಳಗಿರಬೇಕು. ನಿಮ್ಮ ಮನೆಯಲ್ಲಿ ಕನ್ನಡ ಬೈಬಲ್ ಇದ್ದರೆ ಎರಡೂ ಪುಟಗಳನ್ನು ತೆರೆದು, ನಿಮ್ಮ ಪ್ರತಿಯ ಭಾಷಾಂತರಕಾರರು ಯಾವ ದಾರಿ ಹಿಡಿದರೆಂದು ನೋಡಿರಿ.